ಓದುಗರ ಪ್ರಶ್ನೆಗೆ ಉತ್ತರ: ಉಲ್ಲೇಖಗಳ ಎಣಿಕೆಯಲ್ಲಿ ಸಕಾಗುಚಿ

ಪ್ರಶ್ನೆ: 2025ರ ವೈದ್ಯಕೀಯ ನೊಬೆಲ್ ಪಡೆದ ಜಪಾನಿನ ಶಿಮೊನ್ ಸಕಾಗುಚಿಯವರ ಹೆಸರನ್ನು ಉಲ್ಲೇಖಗಳ ಎಣಿಕೆಯಿಂದ ಹತ್ತು ವರ್ಷ ಮೊದಲೇ ಊಹಿಸಲಾಗಿತ್ತೆಂದು ಓದಿದೆ. ಒಬ್ಬ ವಿಜ್ಞಾನಿಯ ಪ್ರಬಂಧಗಳನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದರಿಂದ ಅವರ ಸಾಧನೆಯನ್ನು ಅಳೆಯಬಹುದೆ?
– ಓದುಗರೊಬ್ಬರು, ಧಾರವಾಡ

ಉತ್ತರ: ನೀವು ಓದಿದ್ದು ನಿಜ. ಥಾಮ್ಸನ್ ರಾಯಿಟರ್ಸ್ ಸಂಸ್ಥೆಯು ಉಲ್ಲೇಖಗಳ ಎಣಿಕೆಯ ಆಧಾರದಲ್ಲಿ 2015ರಲ್ಲಿ ಪ್ರಕಟಿಸಿದ ನೊಬೆಲ್ ಸಂಭಾವ್ಯರ ಪಟ್ಟಿಯಲ್ಲಿ ಸಕಾಗುಚಿ, ಅಲೆಕ್ಸಾಂಡರ್ ರುಡೆನ್‌ಸ್ಕಿ ಮತ್ತು ಈಥನ್ ಶೆವಾಕ್ ಅವರ ಹೆಸರುಗಳು ಒಟ್ಟಿಗೆ ಇದ್ದವು. ಆದರೆ ಪ್ರಶಸ್ತಿಯನ್ನು ಸಕಾಗುಚಿಯವರೊಡನೆ ಹಂಚಿಕೊಂಡವರು ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್. ಎಣಿಕೆಯು ಮೂವರಲ್ಲಿ ಒಬ್ಬರನ್ನು ಮಾತ್ರ ಸರಿಯಾಗಿ ಹೇಳಿತ್ತು.

ಪ್ರಶಸ್ತಿ ಸಂದ ಸಂಶೋಧನೆಯ ಕಥೆ ಹೀಗಿದೆ. ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳು ಸ್ವಂತ ದೇಹದ ಮೇಲೆ ಎರಗದಂತೆ ತಡೆಯುವ ಇನ್ನೊಂದು ಬಗೆಯ ಟಿ ಕೋಶಗಳಿವೆ ಎಂಬ ವಾದಕ್ಕೆ 1970ರ ದಶಕದಲ್ಲಿ ಬಹಳ ಬೆಂಬಲವಿತ್ತು. ಮುಂದಿನ ದಶಕದಲ್ಲಿ, ಆ ವಾದಕ್ಕೆ ಆಧಾರವೆಂದು ನಂಬಿದ್ದ ಜೀನ್ ಇರಬೇಕಾದ ಜಾಗದಲ್ಲಿ ಇಲ್ಲವೆಂದು ತಿಳಿದಾಗ, ಇಡೀ ವಿಷಯವೇ ಮರ್ಯಾದೆ ಕಳೆದುಕೊಂಡಿತು. ಹೆಚ್ಚಿನವರು ಬೇರೆ ದಾರಿ ಹಿಡಿದರು. ಸಕಾಗುಚಿ ಬಿಡಲಿಲ್ಲ. ನಗೋಯದ ಐಚಿ ಕ್ಯಾನ್ಸರ್ ಕೇಂದ್ರದ ಸಂಶೋಧಕರು ಕಂಡಿದ್ದ ಒಂದು ವಿಚಿತ್ರ ಅವರನ್ನು ಹಿಡಿದಿತ್ತು: ಹುಟ್ಟಿದ ಮೂರನೆಯ ದಿನ, ಟಿ ಕೋಶಗಳು ಬೆಳೆಯುವ ಥೈಮಸ್ ಗ್ರಂಥಿಯನ್ನು ತೆಗೆದ ಇಲಿಮರಿಗಳಲ್ಲಿ ರೋಗನಿರೋಧಕ ವ್ಯವಸ್ಥೆಯು ಸೊರಗುವ ಬದಲು ಸ್ವಂತ ಅಂಗಗಳ ಮೇಲೆಯೇ ತಿರುಗಿ ಬೀಳುತ್ತಿತ್ತು. ಆರೋಗ್ಯವಂತ ಇಲಿಗಳ ಟಿ ಕೋಶಗಳನ್ನು ಕೊಟ್ಟರೆ ಆ ರೋಗ ತಪ್ಪುತ್ತದೆಂದು ಸಕಾಗುಚಿ ತೋರಿಸಿದರು. ಉಳಿದದ್ದು, ಕಾಯುವ ಕೋಶಗಳನ್ನು ಗುಂಪಿನಿಂದ ಬೇರ್ಪಡಿಸಲು ಒಂದು ಗುರುತು. ಹತ್ತು ವರ್ಷಕ್ಕೂ ಮೀರಿದ ಹುಡುಕಾಟದ ನಂತರ, 1995ರ 'ಜರ್ನಲ್ ಆಫ್ ಇಮ್ಯುನಾಲಜಿ'ಯಲ್ಲಿ, ಸಿಡಿ25 ಎಂಬ ಪ್ರೋಟೀನನ್ನು ಹೊತ್ತ ಕೋಶಗಳೇ ಅವು ಎಂದು ಅವರ ತಂಡ ಪ್ರಕಟಿಸಿತು.

ಈ ಪ್ರಬಂಧವನ್ನು ಇಂದಿಗೆ ಸಾವಿರಾರು ಬಾರಿ ಉಲ್ಲೇಖಿಸಲಾಗಿದೆ. ಕಾರಣ ಸರಳ: ಸಿಡಿ25ಕ್ಕೆ ಅಂಟುವ ಪ್ರತಿಕಾಯಗಳೆಂಬ ಪ್ರೋಟೀನುಗಳು ಪ್ರಯೋಗಾಲಯಗಳಲ್ಲಿ ಮೊದಲೇ ಇದ್ದವು, ಆದ್ದರಿಂದ ಸಂದೇಹವಿದ್ದವರು ಕೂಡ ಆ ಕೋಶಗಳನ್ನು ತಾವೇ ಬೇರ್ಪಡಿಸಿ ಪರೀಕ್ಷಿಸಬಹುದಿತ್ತು. ಹಾಗಾಗಿ ಉಲ್ಲೇಖವನ್ನು ನಾನು ಬಳಕೆಯ ದಾಖಲೆಯೆಂದು ಓದುತ್ತೇನೆ, ಹೊಗಳಿಕೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಸಕಾಗುಚಿ ಒಂಟಿಯಾಗಿ ದುಡಿದ 1980ರ ದಶಕದಲ್ಲಿ ಈ ಎಣಿಕೆಯನ್ನು ನೋಡಿ ಯಾರೂ ಅವರ ಮೇಲೆ ಪಣ ಕಟ್ಟುತ್ತಿರಲಿಲ್ಲ.

ಬ್ರಂಕೋ ಅವರ ಕಥೆ ಇನ್ನೊಂದು ಬಗೆಯದು. ಅವರೂ ರಾಮ್ಸ್‌ಡೆಲ್ ಅವರೂ ವಾಷಿಂಗ್ಟನ್ ರಾಜ್ಯದ ಒಂದು ಔಷಧ ಕಂಪನಿಯಲ್ಲಿದ್ದರು. 1940ರ ದಶಕದಲ್ಲಿ ಟೆನೆಸಿಯ ಓಕ್ ರಿಡ್ಜ್‌ನಲ್ಲಿ ತಾನಾಗಿ ಕಾಣಿಸಿಕೊಂಡಿದ್ದ ರೋಗಗ್ರಸ್ತ ಇಲಿ ತಳಿಯೊಂದರ ದೋಷವು ಫಾಕ್ಸ್‌ಪಿ3 ಎಂಬ ಜೀನ್‌ನಲ್ಲಿದೆಯೆಂದು 2001ರಲ್ಲಿ ಅವರು ಕಂಡುಹಿಡಿದರು. ಆ ಜೀನ್ ಸಕಾಗುಚಿ ಗುರುತಿಸಿದ ಕೋಶಗಳನ್ನು ರೂಪಿಸುತ್ತದೆಂದು 2003ರಲ್ಲಿ ತಿಳಿದ ಮೇಲೆಯೇ ಈ ಕ್ಷೇತ್ರದ ಉಲ್ಲೇಖಗಳು ಮಳೆಗಾಲದ ಹೊಳೆಯಂತೆ ಏರಿದ್ದು. ಬ್ರಂಕೋ ಪ್ರಕಟಿಸಿದ ಪ್ರಬಂಧಗಳು ನೊಬೆಲ್ ಪಡೆದ ಇತರರಿಗೆ ಹೋಲಿಸಿದರೆ ಕಡಿಮೆ. ಪ್ರಬಂಧಗಳ ಸಂಖ್ಯೆ, ಉಲ್ಲೇಖ ಎರಡನ್ನೂ ಒಟ್ಟಿಗೆ ನೋಡಿ ಒಬ್ಬ ವಿಜ್ಞಾನಿಗೆ ಒಂದು ಅಂಕ ಕೊಡುವ ಅಳತೆಯೊಂದಿದೆ. ಭೌತವಿಜ್ಞಾನಿ ಜಾರ್ಜ್ ಹಿರ್ಷ್ 2005ರಲ್ಲಿ ಸೂಚಿಸಿದ ಈ ಎಚ್-ಸೂಚ್ಯಂಕ 20 ಆಗಬೇಕಾದರೆ, ತಲಾ 20 ಉಲ್ಲೇಖಗಳಾದರೂ ಇರುವ 20 ಪ್ರಬಂಧಗಳು ಬೇಕು. ಒಂದೇ ಪ್ರಬಂಧಕ್ಕೆ ಹತ್ತು ಸಾವಿರ ಉಲ್ಲೇಖ ಬಂದರೂ ಆ ಸೂಚ್ಯಂಕಕ್ಕೆ ಅದು ಕೂಡಿಸುವುದು ಒಂದನ್ನು ಮಾತ್ರ. ನೇಮಕಾತಿ ಸಮಿತಿಗಳು ಇದನ್ನೇ ಮೊದಲು ನೋಡುವುದು ನನಗೆ ಸರಿಕಾಣದು.

ಇನ್ನೊಂದು ಮಾತು. ಸಕಾಗುಚಿಯವರ ಅತಿ ಹೆಚ್ಚು ಉಲ್ಲೇಖಿತ ಬರಹಗಳಲ್ಲಿ 2008ರಲ್ಲಿ 'ಸೆಲ್' ಪತ್ರಿಕೆಗೆ ಸಹೋದ್ಯೋಗಿಗಳೊಡನೆ ಬರೆದ ವಿಮರ್ಶಾ ಲೇಖನವೂ ಒಂದು. ಅದು ಹೊಸ ಪ್ರಯೋಗವನ್ನು ವರದಿ ಮಾಡುವುದಿಲ್ಲ, ಆ ತನಕ ತಿಳಿದಿದ್ದನ್ನು ಒಂದೆಡೆ ಕಲೆಹಾಕುತ್ತದೆ. ಎಣಿಸುವ ಯಂತ್ರಕ್ಕೆ ಮಾತ್ರ ಅದೂ 1995ರ ಪ್ರಬಂಧವೂ ಒಂದೇ.