ಹೆಗಲ ಮೇಲೆ ಕೊಂಬಿರುವ ಘೇಂಡಾಮೃಗ

ಪ್ರಶ್ನೆ: ಬೆಳಗಾವಿಯ ಕ್ಯಾಂಪ್ ಭಾಗದ ಹಳೆಯ ಮನೆಯೊಂದರ ಸಾಮಾನು ಮಾರಾಟಕ್ಕೆ ಬಂದಾಗ ನಮ್ಮ ತಂದೆಯವರು ಕೊಂಡ ಘೇಂಡಾಮೃಗದ ಬಣ್ಣದ ಚಿತ್ರವೊಂದು ನಮ್ಮಲ್ಲಿದೆ. ಪ್ರಾಣಿಯ ಹೆಗಲ ಮೇಲೆ ಇನ್ನೊಂದು ಪುಟ್ಟ ಕೊಂಬಿದೆ. ಬಣ್ಣ ಅಲ್ಲಲ್ಲಿ ಗೆರೆ ದಾಟಿದೆ. ಇದು ನಿಜಕ್ಕೂ ಹಳೆಯದೇ? ಲ್ಯಾಮಿನೇಶನ್ ಮಾಡಿಸಬಹುದೇ?
– ಓದುಗರೊಬ್ಬರು, ಟಿಳಕವಾಡಿ, ಬೆಳಗಾವಿ

ಉತ್ತರ: ಆ ಪುಟ್ಟ ಕೊಂಬಿಗೆ ನಿಮ್ಮ ನೆರೆಯ ಗೋವೆಯ ನಂಟಿದೆ. ಗುಜರಾತಿನ ಸುಲ್ತಾನನು ಕೊಟ್ಟ ಘೇಂಡಾಮೃಗವೊಂದನ್ನು ಪೋರ್ಚುಗೀಸರು ಗೋವೆಯಿಂದ ಹಡಗು ಹತ್ತಿಸಿದ್ದರು. ಅದು 1515ರ ಮೇ ತಿಂಗಳಲ್ಲಿ ಲಿಸ್ಬನ್ ತಲುಪಿತು. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಪ್ರಾಣಿಯನ್ನು ಕಣ್ಣಾರೆ ಕಾಣದೆ, ಅಲ್ಲಿಂದ ಬಂದ ವರ್ಣನೆಯನ್ನೂ ರೇಖಾಚಿತ್ರವನ್ನೂ ನೆಚ್ಚಿ ಅದೇ ವರ್ಷ ಮರದಚ್ಚಿನ ಚಿತ್ರ ಮಾಡಿದನು. ಹೆಗಲ ಕೊಂಬು ಆ ಚಿತ್ರದಿಂದಲೇ ಹರಡಿತು. ಯುರೋಪಿನ ಪ್ರಾಣಿಗ್ರಂಥಗಳು ಎರಡು ಶತಮಾನ ಅದನ್ನೇ ನಕಲು ಮಾಡಿದವು. 1741ರಲ್ಲಿ ಬಂಗಾಳದಿಂದ ಹಾಲೆಂಡಿಗೆ ಹೋದ ‘ಕ್ಲಾರಾ’ ಎಂಬ ಘೇಂಡಾಮೃಗವನ್ನು ಊರೂರು ಮೆರೆಸಿದ ಮೇಲಷ್ಟೇ ಚಿತ್ರಗಳಿಂದ ಆ ಹೆಗಲ ಕೊಂಬು ಕ್ರಮೇಣ ಮಾಯವಾಯಿತು.

ಆದರೆ ಕೊಂಬೊಂದೇ ಪುರಾವೆಯಲ್ಲ. ಅದನ್ನು ಇಂದಿನ ಆಫ್‌ಸೆಟ್ ಯಂತ್ರವೂ ಅಚ್ಚುಹಾಕೀತು. ಭೂತಗನ್ನಡಿ ಹಿಡಿದು ನೋಡಿ: ಬಣ್ಣವೆಲ್ಲ ಸಣ್ಣ ಚುಕ್ಕೆಗಳ ಸಾಲಾಗಿ ಕಂಡರೆ ಅದು ಈಚಿನ ಮುದ್ರಣ. ತಾಮ್ರದ ತಗಡಿನಲ್ಲಿ ಕೊರೆದ ಗೆರೆಗಳಿಗೆ ಮಸಿ ತುಂಬಿ, ಒದ್ದೆ ಕಾಗದವನ್ನಿಟ್ಟು ರೋಲರಿನಡಿ ಒತ್ತಿ ತೆಗೆದ ಚಿತ್ರವಾದರೆ ಗೆರೆಗಳು ಬೆರಳಿಗೆ ಹತ್ತುವಷ್ಟು ಉಬ್ಬಿರುತ್ತವೆ, ಅಂಚು ಕತ್ತರಿಸಿಲ್ಲವಾದರೆ ಸುತ್ತಲೂ ತಗಡಿನ ತಗ್ಗು ಗುರುತೂ ಇರುತ್ತದೆ. ಬಣ್ಣವನ್ನು ಒಂದೊಂದು ಹಾಳೆಗೂ ಕುಂಚದಿಂದಲೇ ತುಂಬುತ್ತಿದ್ದರು. ಆದ್ದರಿಂದ ಗೆರೆ ದಾಟಿದ್ದು ದೋಷವಲ್ಲ, ನನ್ನ ದೃಷ್ಟಿಯಲ್ಲಿ ಅದೇ ಚಿತ್ರದ ಚೆಲುವು. ಹಿಂಬದಿಯನ್ನೂ ನೋಡಿ. ತಾಮ್ರದ ಕಿಲುಬಿನಿಂದ ಮಾಡಿದ ಹಳೆಯ ಹಸಿರು ಬಣ್ಣವು ಕಾಗದವನ್ನು ಸುಡುವುದರಿಂದ, ಹುಲ್ಲು ಬರೆದ ಜಾಗದ ಬೆನ್ನಿಗೆ ಕಂದು ನೆರಳು ಮೂಡಿರಬಹುದು. ಮುಪ್ಪಿನ ಕಂದು ಚುಕ್ಕೆಗಳ ಮೇಲೆಯೇ ಬಣ್ಣ ಕೂತಿದ್ದರೆ ಮಾತ್ರ ಅನುಮಾನಿಸಿ: ಕಪ್ಪು-ಬಿಳುಪು ಹಾಳೆಗೆ ಮಾರಾಟಕ್ಕೆಂದು ಈಚೆಗೆ ಬಣ್ಣ ಬಳಿಯುವ ವ್ಯಾಪಾರಿಗಳೂ ಇದ್ದಾರೆ.

ಲ್ಯಾಮಿನೇಶನ್ ಖಂಡಿತ ಬೇಡ. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಕೆಡದಂತೆ ಬಿಡಿಸಲು ಬರುವುದಿಲ್ಲ. ಇವು ನೀರಿನ ಬಣ್ಣಗಳಾದ್ದರಿಂದ ಒದ್ದೆ ಬಟ್ಟೆಯನ್ನೂ ತಾಗಿಸಬೇಡಿ. ಆಮ್ಲರಹಿತ ರಟ್ಟಿನ ನಡುವೆ, ಚಿತ್ರಕ್ಕೆ ಗಾಜು ತಾಗದಂತೆ ಕಟ್ಟು ಹಾಕಿಸಿ, ಬಿಸಿಲು ಬೀಳದ ಒಳಗೋಡೆಗೆ ತೂಗುಹಾಕಿ. ಬೆಳಗಾವಿಯ ಮಳೆಗಾಲದಲ್ಲಿ ಹೊರಗೋಡೆಯ ತಂಪು ನೇರವಾಗಿ ಕಾಗದಕ್ಕಿಳಿದು ಬೂಸು ಹಿಡಿಸುತ್ತದೆ.