ಹೊಂದಿಸಿ ಬರೆಯಿರಿ: ಐಸ್ ಹಾಕಿ ತಂಡ, ಊರು, ಕಾಡುಜೀವಿ

ಪ್ರಶ್ನೆ: ಮಕ್ಕಳಿಗೆ ‘ಹೊಂದಿಸಿ ಬರೆಯಿರಿ’ ಆಟ ಸಿದ್ಧಪಡಿಸುತ್ತಿದ್ದೇನೆ. ಒಂದು ಪಟ್ಟಿಯಲ್ಲಿ ಅಮೆರಿಕ ಮತ್ತು ಕೆನಡಾದ ಐಸ್ ಹಾಕಿ ತಂಡಗಳು, ಇನ್ನೊಂದರಲ್ಲಿ ಊರುಗಳು, ಮೂರನೆಯದರಲ್ಲಿ ಕಾಡುಪ್ರಾಣಿ ಮತ್ತು ಗಿಡಮರಗಳು. ಎಷ್ಟು ತಂಡಗಳು ಸಿಗುತ್ತವೆ? ಎಲ್ಲಿ ತಪ್ಪಾಗುತ್ತದೆ?

ಉತ್ತರ: ನ್ಯಾಷನಲ್ ಹಾಕಿ ಲೀಗ್‌ನಲ್ಲಿ (ಎನ್‌ಎಚ್‌ಎಲ್) 32 ತಂಡಗಳಿವೆ. ಅವುಗಳಲ್ಲಿ ನಿಮ್ಮ ಆಟಕ್ಕೆ ಒದಗುವವು ಎಂಟು. ಟೊರಾಂಟೊ ಮೇಪಲ್ ಲೀಫ್ಸ್ (ಮೇಪಲ್ ಎಲೆ), ಬಾಸ್ಟನ್ ಬ್ರೂಯಿನ್ಸ್ (ಕರಡಿ), ಪಿಟ್ಸ್‌ಬರ್ಗ್ ಪೆಂಗ್ವಿನ್ಸ್, ಸ್ಯಾನ್ ಹೋಸೆ ಶಾರ್ಕ್ಸ್, ಅನಹೈಮ್ ಡಕ್ಸ್ (ಬಾತುಕೋಳಿ), ಫ್ಲಾರಿಡಾ ಪ್ಯಾಂಥರ್ಸ್, ನ್ಯಾಶ್‌ವಿಲ್ ಪ್ರೆಡೇಟರ್ಸ್, ಯೂಟಾ ಮ್ಯಾಮತ್ (ಅಳಿದುಹೋದ, ಆನೆಯಂಥ ದೈತ್ಯಪ್ರಾಣಿ). ಪ್ರೆಡೇಟರ್ಸ್ ಎಂದರೆ ಬೇಟೆಪ್ರಾಣಿಗಳು ಅಷ್ಟೇ. ಯಾವ ಪ್ರಾಣಿ ಎಂಬುದು ಲಾಂಛನ ನೋಡಿದರೆ ತಿಳಿಯುತ್ತದೆ.

ಮೊದಲ ತೊಡಕು ಊರಿನ ಪಟ್ಟಿಯಲ್ಲಿ. ಫ್ಲಾರಿಡಾ, ಯೂಟಾ ಎರಡೂ ರಾಜ್ಯಗಳು. ಪ್ಯಾಂಥರ್ಸ್ ಆಡುವ ಊರು ಸನ್‌ರೈಸ್, ಮ್ಯಾಮತ್ ಆಡುವುದು ಸಾಲ್ಟ್ ಲೇಕ್ ಸಿಟಿಯಲ್ಲಿ. ಊರಿನ ಬದಲು ರಾಜ್ಯಗಳನ್ನೇ ಬರೆಯೋಣ ಎಂದುಕೊಂಡರೆ ಸ್ಯಾನ್ ಹೋಸೆ, ಅನಹೈಮ್ ಎರಡೂ ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದೇ ಪ್ರಶ್ನೆಗೆ ಎರಡು ಉತ್ತರವಾಗುತ್ತದೆ. ಆದ್ದರಿಂದ ಊರಿನ ಹೆಸರನ್ನೇ ಬರೆಯಿರಿ.

ಎರಡನೆಯದು ಲೆಕ್ಕದ ತೊಡಕು. ಮೂರೂ ಪಟ್ಟಿಯಲ್ಲಿ ಎಂಟೆಂಟೇ ಇದ್ದರೆ ಏಳು ಗೊತ್ತಿದ್ದವರಿಗೆ ಎಂಟನೆಯದು ಯೋಚಿಸದೆಯೇ ಸಿಗುತ್ತದೆ. ಎಂಟು ತಂಡ, ಹತ್ತು ಊರು, ಹನ್ನೊಂದು ಜೀವಿ ಇಡಿ. ಹೆಚ್ಚಿನ ಎರಡು ಊರುಗಳಾಗಿ ಶಿಕಾಗೊ, ಡೆಟ್ರಾಯಿಟ್ ಹಾಕಿ. ಹೆಚ್ಚಿನ ಮೂರು ಜೀವಿಗಳಾಗಿ ಗಿಡುಗ, ತೋಳ, ಗುಲಾಬಿ ಸಾಕು. ಒಟ್ಟು 29 ಚೀಟಿ. ಪ್ರತಿ ಪಟ್ಟಿಯ ಚೀಟಿಗೆ ಬೇರೆ ಬಣ್ಣ ಕೊಡಿ, ಇಲ್ಲದಿದ್ದರೆ ಒಮ್ಮೆ ಕಲೆಸಿದ ಮೇಲೆ ಬೇರ್ಪಡಿಸುವುದೇ ಕೆಲಸವಾಗುತ್ತದೆ.

ಮೂರನೆಯದು ನಮ್ಮ ಒತ್ತಾಯ: ಉತ್ತರಪತ್ರದಲ್ಲಿ ಪ್ರತಿ ಜೋಡಿಯ ಮುಂದೆ ‘ಈಗಲೂ ಅಲ್ಲಿದೆ’, ‘ಒಂದು ಕಾಲಕ್ಕೆ ಇತ್ತು’, ‘ಅಲ್ಲಿ ಇಲ್ಲ’ ಎಂಬ ಮೂರರಲ್ಲಿ ಒಂದನ್ನು ಬರೆಸಿ. ಹೆಸರು ಹೊಂದಿಸುವುದು ಬರೀ ನೆನಪಿನ ಕೆಲಸ. ಆ ಜೀವಿ ಆ ನೆಲದ್ದೇ ಎಂದು ಕೇಳಿದಾಗಲೇ ಮಗು ಭೂಪಟ ತೆರೆಯುವುದು.

ಪ್ರಶ್ನೆ: ಪಿಟ್ಸ್‌ಬರ್ಗ್‌ಗೂ ಪೆಂಗ್ವಿನ್‌ಗೂ ಏನು ಸಂಬಂಧ?

ಉತ್ತರ: ನಿಸರ್ಗದಲ್ಲಿ ಯಾವ ಸಂಬಂಧವೂ ಇಲ್ಲ. ತಂಡ 1967ರಲ್ಲಿ ಲೀಗ್ ಸೇರಿದಾಗ ಆಡುತ್ತಿದ್ದ ಸಿವಿಕ್ ಅರೀನಾದ ಛಾವಣಿ ಗುಮ್ಮಟದಂತಿತ್ತು. ಅದನ್ನು ಜನ ‘ಇಗ್ಲೂ’ ಎಂದೇ ಕರೆಯುತ್ತಿದ್ದರು. ಹಿಮದ ಮನೆ ಎಂದಾಗ ಪೆಂಗ್ವಿನ್ ನೆನಪಾಗಿ ಹೆಸರು ಬಂತು. ಆದರೆ ಇಗ್ಲೂ ಕಟ್ಟುವ ಇನ್ಯೂಟ್ ಜನ ಇರುವುದು ಉತ್ತರ ಧ್ರುವದ ಕಡೆ. ಪೆಂಗ್ವಿನ್‌ಗಳಿರುವುದು ದಕ್ಷಿಣಾರ್ಧಗೋಳದಲ್ಲಿ, ಸಮಭಾಜಕದ ಮೇಲೆಯೇ ಇರುವ ಗಾಲಪಗೋಸ್ ದ್ವೀಪಗಳ ಜಾತಿಯೊಂದು ಮಾತ್ರ ಗೆರೆ ದಾಟಿ ತುಸು ಉತ್ತರಕ್ಕೂ ಕಾಣಿಸುತ್ತದೆ. ಉತ್ತರಪತ್ರದಲ್ಲಿ ‘ಅಲ್ಲಿ ಇಲ್ಲ’ ಎಂದೇ ಬರೆಯಿರಿ. ಚಿತ್ರದಲ್ಲಿ ಇಗ್ಲೂ ಪಕ್ಕ ಪೆಂಗ್ವಿನ್ ನಿಲ್ಲಿಸಬೇಡಿ, ಆ ತಪ್ಪು ಮಕ್ಕಳ ತಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಪ್ರಶ್ನೆ: ಫ್ಲಾರಿಡಾ ಪ್ಯಾಂಥರ್ ಎಂದರೆ ಕರಿಚಿರತೆಯೇ? ಯಾವ ಚಿತ್ರ ಅಂಟಿಸಬೇಕು?

ಉತ್ತರ: ಕರಿಚಿರತೆ ಖಂಡಿತ ಅಲ್ಲ. ಈ ಆಟದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇದೇ ಚಿತ್ರ. ಫ್ಲಾರಿಡಾ ಪ್ಯಾಂಥರ್ ಎಂಬುದು ಪೂಮಾ, ಅಮೆರಿಕ ಖಂಡಗಳ ದೊಡ್ಡ ಕಾಡುಬೆಕ್ಕು. ಮೈ ಕಂದುಮಿಶ್ರಿತ ಹಳದಿ, ಹೊಟ್ಟೆ ಬಿಳುಪು, ಬಾಲದ ತುದಿ ಕಪ್ಪು. ದೊಡ್ಡ ಪ್ರಾಣಿಗೆ ಚುಕ್ಕೆಗಳಿಲ್ಲ. ಮರಿಗಳಿಗಷ್ಟೇ ಇರುತ್ತವೆ, ಬೆಳೆದಂತೆ ಮಾಸುತ್ತವೆ. ಹುಲಿ, ಸಿಂಹದ ಹಾಗೆ ಗರ್ಜಿಸಲು ಅದಕ್ಕೆ ಬಾರದು.

ನಮ್ಮ ಮೆಚ್ಚಿನ ಜೋಡಿ ಇದು, ಏಕೆಂದರೆ ಇಲ್ಲಿ ಹೆಸರು, ನೆಲ, ಪ್ರಾಣಿ ಮೂರೂ ಕೂಡುತ್ತವೆ. ಸನ್‌ರೈಸ್ ಊರಿನ ಪಶ್ಚಿಮ ಅಂಚಿಗೇ ಎವರ್‌ಗ್ಲೇಡ್ಸ್ ಜೌಗುನೆಲ ಶುರುವಾಗುತ್ತದೆ. ಪ್ಯಾಂಥರ್‌ಗಳು ಮುಖ್ಯವಾಗಿ ಉಳಿದಿರುವುದು ಅದರಾಚೆಯ ನೈಋತ್ಯ ಫ್ಲಾರಿಡಾದ ಕಾಡುಗಳಲ್ಲಿ. 1982ರಲ್ಲಿ ಇದು ರಾಜ್ಯದ ಅಧಿಕೃತ ಪ್ರಾಣಿಯಾಯಿತು. 1990ರ ದಶಕದಲ್ಲಿ ಉಳಿದಿದ್ದವು 20ರಿಂದ 30 ಮಾತ್ರ. ಇದ್ದವುಗಳೇ ತಮ್ಮೊಳಗೆ ಕೂಡಿ ಹೃದಯದ ದೋಷ, ಬಾಲದ ತುದಿಯ ಸೊಟ್ಟ ಮುಂತಾದವು ಕಾಣಿಸಿಕೊಂಡಿದ್ದವು. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ಪೂಮಾಗಳನ್ನು ತಂದು ಬಿಟ್ಟ ಮೇಲೆ ಸಂತತಿ ಚೇತರಿಸಿತು. ಈಗಿನ ಅಂದಾಜು 120ರಿಂದ 230 ವಯಸ್ಕ ಪ್ರಾಣಿಗಳು. ಅವು ಸಾಯುವುದಕ್ಕೆ ದೊಡ್ಡ ಕಾರಣ ರಸ್ತೆಯಲ್ಲಿ ವಾಹನ ಬಡಿಯುವುದು. ತಂಡ ಲೀಗಿಗೆ ಬಂದದ್ದು 1993ರಲ್ಲಿ. 2024, 2025ರಲ್ಲಿ ಸತತವಾಗಿ ಸ್ಟ್ಯಾನ್ಲಿ ಕಪ್ (ಲೀಗಿನ ಚಾಂಪಿಯನ್ನರಿಗೆ ಸಿಗುವ ಕಪ್) ಗೆದ್ದಿತು. ಕಪ್ ಗೆದ್ದ ಸುದ್ದಿಯ ಜೊತೆಗೆ ಆ ಪ್ರಾಣಿಯ ಸುದ್ದಿಯೂ ಮಕ್ಕಳಿಗೆ ತಲುಪಬೇಕು.

ಪ್ರಶ್ನೆ: ಶಿಕಾಗೊ ಬ್ಲ್ಯಾಕ್‌ಹಾಕ್ಸ್, ಡೆಟ್ರಾಯಿಟ್ ರೆಡ್ ವಿಂಗ್ಸ್, ಕೊಲಂಬಸ್ ಬ್ಲೂ ಜಾಕೆಟ್ಸ್ ತಂಡಗಳನ್ನು ಪಕ್ಷಿ, ಕೀಟಗಳ ಜೊತೆ ಹಾಕಬಹುದಲ್ಲವೇ?

ಉತ್ತರ: ಮೂರೂ ಬೇಡ. ಬ್ಲ್ಯಾಕ್‌ಹಾಕ್ಸ್ ಹೆಸರು ಬಂದದ್ದು ಗಿಡುಗದಿಂದಲ್ಲ. ತಂಡದ ಮೊದಲ ಮಾಲೀಕರು ಮೊದಲ ಮಹಾಯುದ್ಧದಲ್ಲಿ ‘ಬ್ಲ್ಯಾಕ್‌ಹಾಕ್’ ಎಂಬ 86ನೇ ಸೇನಾ ವಿಭಾಗದಲ್ಲಿದ್ದರು. ಆ ವಿಭಾಗಕ್ಕೆ ಸಾಕ್ ಬುಡಕಟ್ಟಿನ ನಾಯಕ ಬ್ಲ್ಯಾಕ್ ಹಾಕ್ ಅವರ ಹೆಸರಿಟ್ಟಿದ್ದರು. ಆತ ಮನುಷ್ಯ, ಪ್ರಾಣಿಗಳ ಪಟ್ಟಿಗೆ ಸೇರಿಸುವುದು ಸರಿಯಲ್ಲ. ರೆಡ್ ವಿಂಗ್ಸ್ ಲಾಂಛನದ ರೆಕ್ಕೆ ಮೂಡಿರುವುದು ಕಾರಿನ ಚಕ್ರಕ್ಕೆ. ಡೆಟ್ರಾಯಿಟ್ ಮೋಟಾರು ತಯಾರಿಕೆಯ ಊರು. ಇದೇ ತಂಡ 1926ರಲ್ಲಿ ಕೂಗರ್ಸ್ (ಪೂಮಾದ ಇನ್ನೊಂದು ಹೆಸರು), 1930ರಿಂದ ಫಾಲ್ಕನ್ಸ್ (ಡೇಗೆ ಹಕ್ಕಿ) ಆಗಿತ್ತು, 1932ರಲ್ಲಿ ರೆಡ್ ವಿಂಗ್ಸ್ ಆಯಿತು. ಹಾಗಾಗಿ ಹಳೆಯ ಪಟ್ಟಿಗಳಲ್ಲಿ ಡೆಟ್ರಾಯಿಟ್ ಮುಂದೆ ಪೂಮಾ, ಡೇಗೆ ಎರಡೂ ಸಿಕ್ಕಿದರೆ ಗಾಬರಿಯಾಗಬೇಡಿ. ಬ್ಲೂ ಜಾಕೆಟ್ಸ್ ಎಂದರೆ ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರು ತೊಟ್ಟಿದ್ದ ನೀಲಿ ಕೋಟು. ತಂಡದ ಮೈದಾನದ ಗೊಂಬೆ ಕೀಟದ ರೂಪದಲ್ಲಿರುವುದರಿಂದ ಗೊಂದಲ ಹೆಚ್ಚು.

ಇವು ಮೂರನ್ನೂ ‘ಯಾವ ಜೀವಿಯೂ ಅಲ್ಲ’ ಎಂಬ ಪ್ರತ್ಯೇಕ ಸುತ್ತಿಗೆ ಇಟ್ಟುಕೊಳ್ಳಿ. ಅದೇ ಸುತ್ತಿಗೆ ಬಫಲೋ ಸೇಬರ್ಸ್ ಸೇರಿಸಿ: ಪ್ರಾಣಿ ಇರುವುದು ಊರಿನ ಹೆಸರಿನಲ್ಲಿ, ತಂಡದ ಹೆಸರು ಕತ್ತಿ, ಲಾಂಛನದಲ್ಲಿ ಎರಡು ಕತ್ತಿಗಳ ಮೇಲೆ ನೆಗೆಯುವ ಬೈಸನ್.

ಪ್ರಶ್ನೆ: ಸಸ್ಯದ ಹೆಸರಿನ ತಂಡ ಒಂದೇ ಇದೆಯೇ? ಮೇಪಲ್ ಎಲೆಯನ್ನು ಹೇಗೆ ಬಿಡಿಸಬೇಕು?

ಉತ್ತರ: ಈಗಿನ ಎನ್‌ಎಚ್‌ಎಲ್‌ನಲ್ಲಿ ಒಂದೇ. ಹಳೆಯ ಕಾಲಕ್ಕೆ ಹೋದರೆ ಪೋರ್ಟ್‌ಲ್ಯಾಂಡ್ ರೋಸ್‌ಬಡ್ಸ್ (ಗುಲಾಬಿ ಮೊಗ್ಗು) ಸಿಗುತ್ತದೆ. 1916ರಲ್ಲಿ ಸ್ಟ್ಯಾನ್ಲಿ ಕಪ್‌ಗಾಗಿ ಆಡಿದ ಮೊದಲ ಅಮೆರಿಕನ್ ತಂಡ ಅದು. ಮಾಂಟ್ರಿಯಲ್ ಕೆನೇಡಿಯನ್ಸ್ ವಿರುದ್ಧ ಸೋತಿತು. 1995ರವರೆಗೆ ಆಡಿದ ಕ್ವಿಬೆಕ್ ನಾರ್ಡೀಕ್ಸ್ ಜೆರ್ಸಿಯ ಮೇಲೆ ಲಿಲಿ ಹೂವಿನ ಸಾಂಪ್ರದಾಯಿಕ ಚಿಹ್ನೆ ಇತ್ತು, ಹೆಸರಿನಲ್ಲಿ ಹೂವಿರಲಿಲ್ಲ.

ಟೊರಾಂಟೊ ತಂಡಕ್ಕೆ ಮೇಪಲ್ ಲೀಫ್ಸ್ ಎಂಬ ಹೆಸರು ಬಂದದ್ದು 1927ರಲ್ಲಿ, ಅದಕ್ಕೆ ಮುಂಚೆ ಸೇಂಟ್ ಪ್ಯಾಟ್ರಿಕ್ಸ್. ಲಾಂಛನ ಬಿಡಿಸುವುದಾದರೆ 2016ರಿಂದ ಬಳಕೆಯಲ್ಲಿರುವುದನ್ನು ನೋಡಿ: ಅಂಚಿನಲ್ಲಿ 31 ಮೊನೆ, ಒಳಗೆ 17 ನರ. ಹಳೆಯ ಅಂಗಳ ಮೇಪಲ್ ಲೀಫ್ ಗಾರ್ಡನ್ಸ್ ತೆರೆದ 1931, ತಂಡ ಹುಟ್ಟಿದ 1917 ಆ ಎರಡು ಸಂಖ್ಯೆಗಳ ಹಿಂದಿವೆ. ಧ್ವಜದ ಎಲೆಯನ್ನು ನಕಲು ಮಾಡಬೇಡಿ, ಅದಕ್ಕೆ ಇರುವುದು 11 ಮೊನೆ.

ನಿಜವಾದ ಎಲೆ ಬೇಕಿದ್ದರೆ ಶುಗರ್ ಮೇಪಲ್ ಆರಿಸಿ. ಸಾಮಾನ್ಯವಾಗಿ ಐದು ಹಾಲೆ, ಹಾಲೆಗಳ ನಡುವಿನ ಕಣಿವೆ ದುಂಡಗೆ, ಅಂಚು ನಯ. ಅಂಚಿನಲ್ಲಿ ಗರಗಸದಂತೆ ಸಣ್ಣ ಹಲ್ಲುಗಳಿದ್ದು ಕಣಿವೆ ಚೂಪಾಗಿದ್ದರೆ ಅದು ರೆಡ್ ಮೇಪಲ್. ಕಣಿವೆ ತೀರ ಆಳವಾಗಿ, ಎಲೆಯ ಕೆಳಮೈ ಬೆಳ್ಳಗೆ ಹೊಳೆದರೆ ಸಿಲ್ವರ್ ಮೇಪಲ್. ಶುಗರ್ ಮೇಪಲ್‌ಗೆ ಅತಿ ಹತ್ತಿರ ಕಾಣುವುದು ನಾರ್ವೆ ಮೇಪಲ್. ಅದು ಯೂರೋಪಿನಿಂದ ತಂದು ಬೀದಿಬದಿಯಲ್ಲಿ ನೆಟ್ಟ ಮರ. ತೊಟ್ಟು ಮುರಿದಾಗ ಹಾಲು ಒಸರಿದರೆ ನಾರ್ವೆ ಮೇಪಲ್, ನೀರಿನಂಥ ರಸ ಬಂದರೆ ಶುಗರ್ ಮೇಪಲ್. ಚಿತ್ರಸಂಗ್ರಹಗಳಲ್ಲಿ ಇವೆರಡರ ಹೆಸರು ಅದಲುಬದಲಾಗಿರುವುದು ಸಾಮಾನ್ಯ, ನೋಡಿಕೊಂಡು ತೆಗೆದುಕೊಳ್ಳಿ.

ಪ್ರಶ್ನೆ: ನ್ಯಾಶ್‌ವಿಲ್ ಮತ್ತು ಯೂಟಾ ತಂಡಗಳ ಪ್ರಾಣಿಗಳು ಈಗ ಇಲ್ಲವಲ್ಲ?

ಉತ್ತರ: ಇಲ್ಲ, ಆದರೆ ಎರಡೂ ನಿಜಕ್ಕೂ ಅಲ್ಲಿ ಬದುಕಿದ್ದವು. ನ್ಯಾಶ್‌ವಿಲ್ ಪೇಟೆಯ ನಡುವೆ 1971ರಲ್ಲಿ ಬ್ಯಾಂಕ್ ಕಟ್ಟಡಕ್ಕೆ ಪಾಯ ತೆಗೆಯುವಾಗ ಕತ್ತಿಹಲ್ಲಿನ ಬೆಕ್ಕಿನ ಮೂಳೆಗಳು ಸಿಕ್ಕವು. ಲಾಂಛನದ ಕೋರೆಹಲ್ಲು ಅದರದ್ದೇ. ಯೂಟಾದ ಹಂಟಿಂಗ್ಟನ್ ಕಣಿವೆಯಲ್ಲಿ 1988ರಲ್ಲಿ ಮ್ಯಾಮತ್‌ನ ಅಸ್ಥಿಪಂಜರ ದೊರಕಿತು. ಅದು ಕೊಲಂಬಿಯನ್ ಮ್ಯಾಮತ್. ಉದ್ದ ಕೂದಲಿನ ಉಣ್ಣೆ ಮ್ಯಾಮತ್‌ನ ಚಿತ್ರ ಹಾಕಬೇಡಿ.

ಪ್ರಶ್ನೆ: ಬಾಸ್ಟನ್ ಕರಡಿ ಕಂದೋ ಕಪ್ಪೋ?

ಉತ್ತರ: ಹೆಸರಿನ ಕರಡಿ ಕಂದು. ಮ್ಯಾಸಚೂಸೆಟ್ಸ್ ಕಾಡುಗಳಲ್ಲಿರುವುದು ಕಪ್ಪು ಕರಡಿ ಮಾತ್ರ. ಚೀಟಿಯಲ್ಲಿ ‘ಕಂದು ಕರಡಿ’ ಎಂದು ಬರೆದರೆ ಉತ್ತರಪತ್ರದಲ್ಲಿ ‘ಅಲ್ಲಿ ಇಲ್ಲ’ ಎಂದು ಬರಬೇಕು.

ಪ್ರಶ್ನೆ: ಆಕ್ಟೋಪಸ್ ಅನ್ನು ಸಿಯಾಟಲ್ ಕ್ರ್ಯಾಕನ್‌ಗೆ ಜೋಡಿಸಬೇಕೇ, ಡೆಟ್ರಾಯಿಟ್‌ಗೇ?

ಉತ್ತರ: ಇಬ್ಬರಿಗೂ ಸಲ್ಲುವುದರಿಂದ ಆ ಚೀಟಿಯನ್ನೇ ಕೈಬಿಡಿ. ಕ್ರ್ಯಾಕನ್ ನಾರ್ವೆ ಕಡೆಯ ಕಡಲ ಕತೆಗಳ ದೈತ್ಯಜೀವಿ. ಆದರೂ ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್ ನೀರಿನಲ್ಲಿ ದೈತ್ಯ ಪೆಸಿಫಿಕ್ ಆಕ್ಟೋಪಸ್ ಇರುವುದು ನಿಜ. ಡೆಟ್ರಾಯಿಟ್‌ನಲ್ಲಿ 1952ರ ಏಪ್ರಿಲ್ 15ರಂದು ಮೀನಂಗಡಿಯ ಇಬ್ಬರು ಸಹೋದರರು ಮಂಜಿನ ಅಂಗಳಕ್ಕೆ ಸತ್ತ ಆಕ್ಟೋಪಸ್ ಎಸೆದರು. ಆಗ ಕಪ್ ಗೆಲ್ಲಲು ಎಂಟು ಗೆಲುವು ಸಾಕಿತ್ತು, ಎಂಟು ಕೈಗಳೆಂದರೆ ಎಂಟು ಗೆಲುವು. ಈಗ 16 ಬೇಕು, ಆದರೂ ಎಸೆಯುವ ರೂಢಿ ನಿಂತಿಲ್ಲ.

ಪ್ರಶ್ನೆ: ಹಳೆಯ ಪುಸ್ತಕದಲ್ಲಿ ಕಯೋಟಿ (ತೋಳದಂಥ ಚಿಕ್ಕ ಪ್ರಾಣಿ), ಸೀಲ್, ಥ್ರ್ಯಾಷರ್ ಹಕ್ಕಿಯ ತಂಡಗಳಿವೆ. ಅವು ಏನಾದವು?

ಉತ್ತರ: ಕ್ಯಾಲಿಫೋರ್ನಿಯಾ ಸೀಲ್ಸ್ 1967ರಿಂದ 1976ರವರೆಗೆ ಓಕ್ಲಂಡ್‌ನಲ್ಲಿತ್ತು, ಆಮೇಲೆ ಕ್ಲೀವ್‌ಲ್ಯಾಂಡ್‌ಗೆ ಹೋಯಿತು. ಜಾರ್ಜಿಯಾದ ರಾಜ್ಯಪಕ್ಷಿ ಕಂದು ಥ್ರ್ಯಾಷರ್ ಹೆಸರಿನ ಅಟ್ಲಾಂಟಾ ಥ್ರ್ಯಾಷರ್ಸ್ 1999ರಲ್ಲಿ ಬಂದು 2011ರಲ್ಲಿ ವಿನಿಪೆಗ್ ಜೆಟ್ಸ್ ಆಯಿತು. ಅರಿಜೋನಾ ಕಯೋಟೀಸ್ ಆಟಗಾರರು 2024ರಲ್ಲಿ ಸಾಲ್ಟ್ ಲೇಕ್ ಸಿಟಿಗೆ ಹೋದರು. ಮೊದಲ ವರ್ಷ ಯೂಟಾ ಹಾಕಿ ಕ್ಲಬ್ ಎಂದಷ್ಟೇ ಇದ್ದು, 2025ರಲ್ಲಿ ಮ್ಯಾಮತ್ ಎಂಬ ಹೆಸರು ಬಂತು. ಆಟದ ಋತು ಅಕ್ಟೋಬರ್‌ನಿಂದ ಜೂನ್‌ವರೆಗೆ. ಊರು, ಹೆಸರು ಬದಲಾದರೆ ಹೊಸ ಋತುವಿನಿಂದ ಜಾರಿಗೆ ಬರುತ್ತದೆ. ಪ್ರಶ್ನೆಪತ್ರಿಕೆಯ ತಲೆಬರಹದಲ್ಲೇ ‘2025–26ರ ತಂಡಗಳು’ ಎಂಬಂತೆ ಋತುವನ್ನು ಬರೆದುಬಿಡಿ, ಪ್ರತಿ ಸೆಪ್ಟೆಂಬರ್‌ನಲ್ಲಿ ಒಮ್ಮೆ ಪಟ್ಟಿಯನ್ನು ತಾಳೆ ನೋಡಿ.