ಆಫ್ರಿಕನ್ ಪೆಂಗ್ವಿನ್ ನಿಜಕ್ಕೂ ಅಳಿವಿನ ಅಂಚಿಗೆ ಬಂದಿದೆಯಾ?

ಹೌದು, ಬಂದಿದೆ. ದಕ್ಷಿಣ ಆಫ್ರಿಕಾ ಮತ್ತು ನಮೀಬಿಯಾ ಕರಾವಳಿಯಲ್ಲಿ ಮಾತ್ರ ಮರಿ ಮಾಡುವ ಈ ಹಕ್ಕಿಯನ್ನು ಐಯುಸಿಎನ್ (ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಅಂತರರಾಷ್ಟ್ರೀಯ ಸಂಸ್ಥೆ) 2024ರ ಅಕ್ಟೋಬರ್‌ನಲ್ಲಿ 'ತೀವ್ರ ಅಪಾಯ'ದ ಪಟ್ಟಿಗೆ ಸೇರಿಸಿತು. ಒಂದು ಶತಮಾನದ ಹಿಂದೆ ಲಕ್ಷಗಟ್ಟಲೆ ಇದ್ದವು. ಈಗ ಮರಿ ಮಾಡುವ ಜೋಡಿಗಳು 10,000ಕ್ಕಿಂತ ಕಡಿಮೆ.

ಮುಖ್ಯ ಕಾರಣ ಹಸಿವು. ಇವುಗಳ ಊಟ ಸಾರ್ಡೀನ್ (ನಮ್ಮ ಬೂತಾಯಿಯ ಹತ್ತಿರದ ನೆಂಟ) ಮತ್ತು ಆಂಚೊವಿ ಎಂಬ ಸಣ್ಣ ಮೀನುಗಳು. ಸಮುದ್ರ ಬದಲಾಗಿ ಮೀನು ದೂರ ಸರಿದಿದೆ, ಉಳಿದದ್ದಕ್ಕೆ ದೊಡ್ಡ ಬಲೆಗಳ ಪೈಪೋಟಿ. ವರ್ಷಕ್ಕೊಮ್ಮೆ ಗರಿ ಉದುರಿ ಹೊಸದು ಬರುವ ಸುಮಾರು ಮೂರು ವಾರ ಪೆಂಗ್ವಿನ್ ನೀರಿಗೆ ಇಳಿಯುವಂತಿಲ್ಲ. ಅದಕ್ಕೂ ಮೊದಲೇ ಚೆನ್ನಾಗಿ ತಿಂದು ಕೊಬ್ಬು ಕೂಡಿಸಿಕೊಳ್ಳದಿದ್ದರೆ ದಡದಲ್ಲೇ ಉಪವಾಸ ಸಾಯುತ್ತದೆ. ನೆನೆದರೆ ಸಂಕಟವಾಗುತ್ತದೆ, ಅಲ್ವಾ?

ಹಿಂದೆ ಮೊಟ್ಟೆಗಳನ್ನೂ ಜಾಸ್ತಿ ದೋಚಿದರು. ಪೆಂಗ್ವಿನ್‌ಗಳು ಗೂಡು ತೋಡುತ್ತಿದ್ದ ಹಕ್ಕಿ ಹಿಕ್ಕೆಯ ದಪ್ಪ ಪದರವನ್ನು ಗೊಬ್ಬರಕ್ಕೆಂದು ಕೆರೆದು ಸಾಗಿಸಿದರು. 2000ದಲ್ಲಿ 'ಟ್ರೆಷರ್' ಹಡಗು ಮುಳುಗಿದಾಗ ಸುಮಾರು 19,000 ಹಕ್ಕಿಗಳಿಗೆ ಎಣ್ಣೆ ಮೆತ್ತಿತ್ತು. ಅವುಗಳಲ್ಲಿ ಬಹುಪಾಲನ್ನು ಸ್ವಯಂಸೇವಕರು ತೊಳೆದು ಉಳಿಸಿದರು.

2025ರ ಮಾರ್ಚ್‌ನಲ್ಲಿ ನ್ಯಾಯಾಲಯದ ಆದೇಶದಂತೆ ದಕ್ಷಿಣ ಆಫ್ರಿಕಾದ ಆರು ಮುಖ್ಯ ನೆಲೆಗಳ ಸುತ್ತ ಸಾರ್ಡೀನ್, ಆಂಚೊವಿ ಮೀನುಗಳನ್ನು ದೊಡ್ಡ ಬಲೆಯಲ್ಲಿ ಹಿಡಿಯಲು 10 ವರ್ಷದ ನಿರ್ಬಂಧ ಬಂತು. ನನಗೆ ಭರವಸೆ ಇರುವುದು ಇದರ ಮೇಲೆ.